ನೀರಗಂಟಿಯಿಂದ ಮಿಡಲ್‌ವೇರ್‌ವರೆಗೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಹೋಬಳಿಗಳಲ್ಲಿ ಅಂಜನಾಪುರವೂ ಒಂದು. ಕುಮುದ್ವತಿ ನದಿಗೆ ಅಡ್ಡಲಾಗಿ, ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ ಕಟ್ಟಿದ ಜಲಾಶಯ ಇಲ್ಲಿದೆ. ಜಲಾಶಯ ತುಂಬುವುದು ಮೇಲಿನ ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆಯಿಂದ. ನೀರು ಬೇಕಿರುವುದು ಕೆಳಗಿನ ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ. ಮೇಲೆ ಎಷ್ಟು ಮಳೆಯಾಯಿತು, ಜಲಾಶಯದಲ್ಲಿ ಎಷ್ಟು ನೀರು ನಿಂತಿದೆ, ಕೆಳಗೆ ಯಾರಿಗೆ ಎಷ್ಟು ಬೇಕು – ಈ ಮೂರು ಸುದ್ದಿಗಳು ಒಂದೆಡೆ ಸೇರದಿದ್ದರೆ ತೂಬು ಎತ್ತುವವನು ಕತ್ತಲಲ್ಲಿ ಕೈಯಾಡಿಸಿದಂತೆ.

ಈ ಸುದ್ದಿಗಳನ್ನು ಇಂದು ಸಂವೇದಕಗಳು ತರಬಲ್ಲವು. ಮಳೆಮಾಪಕ, ನೀರಿನ ಮಟ್ಟದ ಮಾಪಕ, ಪಂಪು, ಗೇಟು ಎಲ್ಲವನ್ನೂ ಅಂತರಜಾಲಕ್ಕೆ ಜೋಡಿಸುವ ವ್ಯವಸ್ಥೆಗೆ ವಸ್ತುಗಳ ಅಂತರಜಾಲ ಎಂದು ಹೆಸರು. ಉಪಕರಣ ಒಂದು ತುದಿ. ಅದರ ದತ್ತಾಂಶವನ್ನು ಬಳಸುವ ಮೊಬೈಲ್ ಆ್ಯಪ್, ಕಚೇರಿಯ ನಕಾಶೆ, ವಿಮೆಯ ಲೆಕ್ಕ ಇನ್ನೊಂದು ತುದಿ. ಇವೆರಡರ ನಡುವೆ ಯಾರ ಕಣ್ಣಿಗೂ ಬೀಳದೆ ದುಡಿಯುವ ತಂತ್ರಾಂಶವೇ ಮಿಡಲ್‌ವೇರ್. ಕನ್ನಡದಲ್ಲಿ ಇದನ್ನು ಮಧ್ಯಸ್ಥ ತಂತ್ರಾಂಶ ಎನ್ನಬಹುದು. ಇದರ ಚರಿತ್ರೆ ಗಣಕಕ್ಕಿಂತ ಹಳೆಯದು.

ತೂಬಿಗೂ ಗದ್ದೆಗೂ ನಡುವೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಪ್ರಸಿದ್ಧ ಸ್ತಂಭಶಾಸನವಿದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ 5ನೇ ಶತಮಾನದ ಈ ಶಾಸನ, ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ದೊಡ್ಡ ಕೆರೆ ಮಾಡಿಸಿದ್ದನ್ನು ಹೇಳುತ್ತದೆ. ಈ ಸೀಮೆಯಲ್ಲಿ ನೀರನ್ನು ಹಿಡಿದಿಡುವ ವಿದ್ಯೆಗೆ ಒಂದೂವರೆ ಸಾವಿರ ವರ್ಷಗಳ ದಾಖಲೆ ಇದೆ ಎಂದಾಯಿತು.

ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಉಳಿಯಿತು. ಕೆರೆಯ ನೀರನ್ನು ದಿನವೂ ಹಂಚುತ್ತಿದ್ದವನ ಹೆಸರು ಉಳಿದದ್ದು ಕಡಿಮೆ. ಅವನೇ ನೀರಗಂಟಿ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅವನು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ರೈತರು ಅಳೆದು ಕೊಡುವ ಧಾನ್ಯವೇ ಅವನ ಸಂಬಳ.

ನೀರಗಂಟಿಯ ಕೆಲಸವನ್ನು ಬಿಡಿಸಿ ನೋಡಿದರೆ ನಾಲ್ಕು ಅಂಶಗಳು ಕಾಣುತ್ತವೆ. ಕೆರೆಯ ಸುದ್ದಿಯನ್ನು ರೈತರಿಗೂ ರೈತರ ಬೇಡಿಕೆಯನ್ನು ತೂಬಿಗೂ ಮುಟ್ಟಿಸುವುದು ಮೊದಲನೆಯದು. ಒಬ್ಬ ಮೊಳದಲ್ಲಿ, ಇನ್ನೊಬ್ಬ ಮೆಟ್ಟಿಲಿನಲ್ಲಿ ಹೇಳಿದ ನೀರಿನ ಲೆಕ್ಕವನ್ನು ಎಲ್ಲರಿಗೂ ತಿಳಿಯುವ ಒಂದೇ ಭಾಷೆಗೆ ತರುವುದು ಎರಡನೆಯದು. ಗದ್ದೆ ಕೈ ಬದಲಾದರೂ ತೂಬು ರಿಪೇರಿಯಾದರೂ ಹಂಚಿಕೆ ನಿಲ್ಲದಂತೆ ನೋಡಿಕೊಳ್ಳುವುದು ಮೂರನೆಯದು. ನಾಲೆಯ ಕೊನೆಯ ಗದ್ದೆಯಿಂದ ಏನೂ ಸುದ್ದಿ ಬರದಿದ್ದಾಗ, ಅಲ್ಲಿ ನೀರು ಸಾಕಾಗಿದೆಯೋ ಅಥವಾ ನಾಲೆಯೇ ಒಡೆದಿದೆಯೋ ಎಂದು ಹೋಗಿ ನೋಡುವುದು ನಾಲ್ಕನೆಯದು. ಇಂದಿನ ಮಧ್ಯಸ್ಥ ತಂತ್ರಾಂಶದ ಕೆಲಸಗಳೂ ಈ ನಾಲ್ಕೇ. ಮೊದಲ ಮೂರನ್ನು ಯಂತ್ರಗಳು ಬೇಗ ಕಲಿತವು. ನಾಲ್ಕನೆಯದು ಇಂದಿಗೂ ಕಷ್ಟ.

ಎಲ್ಲರಿಗೂ ಒಂದೇ ಸಂಕೇತ

ದೂರದ ಮಾಪಕಗಳನ್ನು ಒಂದು ಜಾಲವಾಗಿ ಹೆಣೆಯುವ ಯತ್ನ ಮೊದಲು ನಡೆದದ್ದು ಹವಾಮಾನ ಶಾಸ್ತ್ರದಲ್ಲಿ. ತಂತಿ ವ್ಯವಸ್ಥೆ ಬಂದ ಮೇಲೆ ನೂರಾರು ಊರುಗಳ ಮಳೆ, ಗಾಳಿ, ಒತ್ತಡಗಳ ಲೆಕ್ಕವನ್ನು ಅದೇ ದಿನ ಒಂದೆಡೆ ತರಿಸುವುದು ಸಾಧ್ಯವಾಯಿತು. ಆದರೆ ಪ್ರತಿಯೊಂದು ದೇಶವೂ ತನ್ನದೇ ಮಾನ, ತನ್ನದೇ ವೇಳೆ ಬಳಸುತ್ತಿದ್ದರೆ ಬಂದ ಸುದ್ದಿಯನ್ನು ಹೋಲಿಸುವುದು ಹೇಗೆ? ಇಂಥ ವಿಷಯಗಳನ್ನು ಚರ್ಚಿಸಲು 1873ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಆರಂಭವಾಯಿತು. ವೀಕ್ಷಣೆಗಳನ್ನು ಐದೈದು ಅಂಕಿಗಳ ಗುಂಪುಗಳಾಗಿ ಬರೆದು ಕಳಿಸುವ ಸಂಕೇತ ಪದ್ಧತಿ ಕಾಲಾಂತರದಲ್ಲಿ ರೂಢಿಯಾಯಿತು. ಕನ್ನಡ ಬಲ್ಲ ವೀಕ್ಷಕ ಬರೆದ ಅಂಕಿಗಳನ್ನು ಜಪಾನಿನ ಶಾಸ್ತ್ರಜ್ಞ ಓದಬಹುದಿತ್ತು. ನಮ್ಮ ದೇಶದಲ್ಲಿ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುವ ಕ್ರಮವೂ ಇಂಥ ಒಪ್ಪಂದವೇ. ವೇಳೆ, ಮಾನ, ಸಂಕೇತ – ಈ ಮೂರರಲ್ಲಿ ಒಪ್ಪಂದವಿದ್ದರೆ ಮಾತ್ರ ಬಿಡಿ ಅಳತೆಗಳು ದತ್ತಾಂಶವಾಗುತ್ತವೆ.

ಕಿತ್ತೂರಿನ ಪಾಠ

ಸಾಗಣೆಯ ಸಮಸ್ಯೆಗೆ ದೂರವಾಣಿ ವಿನಿಮಯ ಕೇಂದ್ರ ಒಳ್ಳೆಯ ಉದಾಹರಣೆ. 128 ಮನೆಗಳ ದೂರವಾಣಿಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಬೇಕಾದರೆ 128ನ್ನು 127ರಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು, ಎಂದರೆ 8,128 ಜೋಡಿ ತಂತಿಗಳು ಬೇಕು. ನಡುವೆ ಒಂದು ವಿನಿಮಯ ಕೇಂದ್ರ ಇಟ್ಟರೆ 128 ಸಾಕು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಸಾಲುಗಳ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ನಡೆಯುವಂತೆ ಅದನ್ನು ವಿನ್ಯಾಸ ಮಾಡಿದ್ದರು.

ಗಣಕಗಳಲ್ಲೂ ಲೆಕ್ಕ ಇದೇ. ಐದು ತಯಾರಕರ ಉಪಕರಣಗಳನ್ನು ಆರು ಬಗೆಯ ಆ್ಯಪ್‌ಗಳು ಬಳಸಬೇಕು ಎನ್ನೋಣ. ಪ್ರತಿ ಜೋಡಿಗೂ ಬೇರೆ ಬೇರೆ ತಂತ್ರಾಂಶ ಬರೆದರೆ 30 ಸೇತುವೆಗಳು ಬೇಕು. ನಡುವೆ ಮಧ್ಯಸ್ಥ ತಂತ್ರಾಂಶ ಇದ್ದರೆ ಒಟ್ಟು 11 ಸಾಕು.

ಹೆಸರು ಬಂದ ಬಗೆ

ಮಿಡಲ್‌ವೇರ್ ಎಂಬ ಪದ 1968ರಷ್ಟು ಹಿಂದೆಯೇ ದಾಖಲೆಯಲ್ಲಿದೆ. ಆ ವರ್ಷ ಜರ್ಮನಿಯ ಗಾರ್ಮಿಶ್‌ನಲ್ಲಿ ತಂತ್ರಾಂಶ ಎಂಜಿನಿಯರಿಂಗ್ ಕುರಿತು ನಡೆದ ಪ್ರಸಿದ್ಧ ಸಮ್ಮೇಳನದಲ್ಲಿ ಬ್ರಿಟನ್ನಿನ ಅಲೆಕ್ಸಾಂಡರ್ ಡಿ'ಅಗಪೆಯೆಫ್ ಇದನ್ನು ಬಳಸಿದರು. ಗಣಕದೊಂದಿಗೆ ಬರುವ ಮೂಲ ತಂತ್ರಾಂಶಕ್ಕೂ ಬಳಕೆದಾರರ ಅಗತ್ಯಕ್ಕೂ ಹೊಂದಾಣಿಕೆ ಆಗದಿದ್ದಾಗ ನಡುವೆ ಇನ್ನೊಂದು ಪದರ ಬೇಕಾಗುತ್ತದೆ ಎಂಬುದು ಅವರ ಅನುಭವ.

ಗಣಕಗಳು ಜಾಲದಲ್ಲಿ ಸೇರಿದಾಗ ಈ ಪದರದ ಮಹತ್ವ ಹೆಚ್ಚಿತು. ಒಂದು ಗಣಕದ ಪ್ರೋಗ್ರಾಮು ಇನ್ನೊಂದು ಗಣಕದಲ್ಲಿರುವ ಕಾರ್ಯವನ್ನು ತನ್ನದೇ ಎಂಬಂತೆ ಕರೆಯುವ ವಿಧಾನವನ್ನು ಜೆರಾಕ್ಸ್ ಸಂಸ್ಥೆಯ ಬಿರೆಲ್ ಮತ್ತು ನೆಲ್ಸನ್ 1984ರಲ್ಲಿ ವಿವರಿಸಿದರು. ಇದು ಫೋನ್ ಕರೆಯಂತೆ. ಆ ಕಡೆಯವರು ಎಚ್ಚರವಾಗಿದ್ದರೆ ಮಾತ್ರ ಕೆಲಸ ನಡೆಯುತ್ತದೆ.

ಎರಡನೆಯ ದಾರಿ ದಿನಪತ್ರಿಕೆಯಂಥದು. ಬರೆಯುವವರಿಗೆ ಓದುವವರು ಯಾರೆಂದು ಗೊತ್ತಿರಬೇಕಿಲ್ಲ. ಬೇಕಾದವರು ಚಂದಾದಾರರಾಗುತ್ತಾರೆ. ಮುಂಬಯಿ ಮೂಲದ ವಿವೇಕ್ ರಣದಿವೆ 1980ರ ದಶಕದಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಟೆಕ್ನೆಕ್ರಾನ್ ಸಾಫ್ಟ್‌ವೇರ್ ಸಿಸ್ಟಮ್ಸ್ ಈ ತತ್ತ್ವವನ್ನು ನ್ಯೂಯಾರ್ಕಿನ ಷೇರು ವಹಿವಾಟು ಕೇಂದ್ರಗಳಿಗೆ ಒಯ್ದಿತು. ಬೆಲೆ ಬದಲಾದ ಕ್ಷಣ ಆ ಸುದ್ದಿ ಮಾಹಿತಿಯ ಬಸ್ಸು ಎಂಬ ಸಾಮಾನ್ಯ ಮಾರ್ಗಕ್ಕೆ ಬೀಳುತ್ತಿತ್ತು. ಬೇಕಾದ ಗಣಕಗಳು ಅದನ್ನು ಎತ್ತಿಕೊಳ್ಳುತ್ತಿದ್ದವು.

ತೈಲದ ಕೊಳವೆಯಿಂದ ಬಂದ ಪದ್ಧತಿ

ಈ ಚಂದಾ ಪದ್ಧತಿ ಬಡ ಉಪಕರಣಗಳಿಗೂ ಒದಗಿದ್ದು 1999ರಲ್ಲಿ. ಐಬಿಎಂ ಸಂಸ್ಥೆಯ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಸಂಸ್ಥೆಯ ಆರ್ಲೆನ್ ನಿಪ್ಪರ್ ತೈಲದ ಕೊಳವೆ ಮಾರ್ಗಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡುವ ಸಮಸ್ಯೆಯನ್ನು ಎದುರಿಸುತ್ತಿದ್ದರು. ಉಪಗ್ರಹ ಸಂಪರ್ಕ ದುಬಾರಿ. ಮೇಲಾಗಿ ನಡುನಡುವೆ ಕಡಿದುಹೋಗುವಂಥದು. ಹಾಗಾಗಿ ಅತಿ ಕಡಿಮೆ ಮಾತಿನಲ್ಲಿ ಕೆಲಸ ಮುಗಿಸುವ ಎಂಕ್ಯೂಟಿಟಿ ಎಂಬ ಪ್ರೋಟೊಕಾಲನ್ನು ಅವರು ರೂಪಿಸಿದರು. ಇದರಲ್ಲಿ ಸಂದೇಶದ ತಲೆಬರಹ ಎರಡೇ ಬೈಟುಗಳಲ್ಲಿ ಮುಗಿಯಬಹುದು. ವಸ್ತುಗಳ ಅಂತರಜಾಲ ಎಂಬ ಅರ್ಥದ ಇಂಗ್ಲಿಷ್ ಪದಪುಂಜವನ್ನು ಕೆವಿನ್ ಆ್ಯಷ್ಟನ್ ಟಂಕಿಸಿದ್ದೂ ಅದೇ ವರ್ಷ.

ಎಂಕ್ಯೂಟಿಟಿಯಲ್ಲಿ ನಡುವೆ ಕುಳಿತ ಸರ್ವರಿಗೆ ಬ್ರೋಕರ್ ಎಂದು ಹೆಸರು. ಉಪಕರಣ ತನ್ನ ಸಂದೇಶವನ್ನು ಒಂದು ವಿಷಯದ ಹೆಸರಿನಲ್ಲಿ ಬ್ರೋಕರಿಗೆ ಒಪ್ಪಿಸುತ್ತದೆ. ಉದಾಹರಣೆಗೆ ಶಿವಮೊಗ್ಗ/ಶಿಕಾರಿಪುರ/ಅಂಜನಾಪುರ/ಮಳೆ. ಈ ಹೆಸರು ಯೂನಿಕೋಡಿನಲ್ಲಿ ಇರುವುದರಿಂದ ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ. ಆ್ಯಪ್ ಒಂದು ಶಿವಮೊಗ್ಗ/ಶಿಕಾರಿಪುರ/+/ಮಳೆ ಎಂದು ಚಂದಾ ಹಾಕಿದರೆ ತಾಲ್ಲೂಕಿನ ಎಲ್ಲ ಹೋಬಳಿಗಳ ಮಳೆಯ ಸುದ್ದಿಯೂ ಅದಕ್ಕೆ ಬರುತ್ತದೆ. ಮಳೆಮಾಪಕಕ್ಕೆ ಆ್ಯಪ್‌ನ ವಿಳಾಸ ಬೇಡ. ಆ್ಯಪ್‌ಗೆ ಮಳೆಮಾಪಕದ ತಯಾರಕರ ಪರಿಚಯ ಬೇಡ.

2010ರಲ್ಲಿ ಎಂಕ್ಯೂಟಿಟಿಯನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲು ಬಿಡುಗಡೆ ಮಾಡಲಾಯಿತು. 2014ರಲ್ಲಿ ಅದು ಓಯಸಿಸ್ ಸಂಘಟನೆಯ ಮಾನಕವಾಯಿತು. 2016ರಲ್ಲಿ ಐಎಸ್‌ಓ ಮಾನಕವೂ ಆಯಿತು. ಇಂದು ವಿದ್ಯಾರ್ಥಿಯೊಬ್ಬ ಕಡಿಮೆ ಬೆಲೆಯ ಒಂದು ಚಿಪ್ಪಿನಲ್ಲಿ ಇದನ್ನು ನಡೆಸಿ ನೋಡಬಹುದು.

ಪಂಚಾಯಿತಿಗೊಂದು ಮಳೆಮಾಪಕ

ಈಗ ಕರ್ನಾಟಕಕ್ಕೆ ಬರೋಣ. ಬರಗಾಲದ ಮೇಲೆ ನಿಗಾ ಇಡಲು 1988ರಲ್ಲಿ ರಾಜ್ಯದಲ್ಲಿ ಬರ ಉಸ್ತುವಾರಿ ಘಟಕ ಆರಂಭವಾಯಿತು. ಇದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ತಾಲ್ಲೂಕಿಗೆ ಒಂದೆರಡು ಮಳೆಮಾಪಕಗಳಿದ್ದರೆ ಸಾಲದು ಎಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಒಂದು ಗುಡ್ಡದ ಈ ಮಗ್ಗುಲಲ್ಲಿ ಜಡಿಮಳೆ, ಆ ಮಗ್ಗುಲಲ್ಲಿ ಬರಿ ಹನಿ. ಈ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸೌರಶಕ್ತಿಯಿಂದ ನಡೆಯುವ, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಸ್ಥಾಪಿಸಿತು. ಅವುಗಳ ಸಂಖ್ಯೆ ಆರು ಸಾವಿರ ದಾಟಿತು. ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣತೆ, ತೇವಾಂಶಗಳನ್ನೂ ಅಳೆಯುವ ಕೇಂದ್ರಗಳು ಬಂದವು.

ಒಂದು ಮಾಪಕದಿಂದ ದಿನಕ್ಕೆ 96 ಸಂದೇಶ. ಆರು ಸಾವಿರ ಮಾಪಕಗಳಿಂದ 5,76,000. ಇದನ್ನು ಹೊರುವುದಷ್ಟೇ ಮಧ್ಯಸ್ಥನ ಕೆಲಸವಲ್ಲ. ಅರ್ಥ ಕೆಡದಂತೆ ಹೊರಬೇಕು. ಇಂಥ ಮಾಪಕಗಳಲ್ಲಿ ಸಾಮಾನ್ಯವಾಗಿರುವುದು ಮಗುಚುವ ಬಟ್ಟಲಿನ ತತ್ತ್ವ. ಇಂಗ್ಲೆಂಡಿನ ಕ್ರಿಸ್ಟೊಫರ್ ರೆನ್ 17ನೇ ಶತಮಾನದಲ್ಲೇ ಇದನ್ನು ಬಳಸಿದ್ದ. ತಕ್ಕಡಿಯಂತೆ ಜೋಡಿಸಿದ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದು ತುಂಬಿದೊಡನೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಮಗುಚುವಿಕೆಗೂ ಒಂದು ವಿದ್ಯುತ್ ಮಿಡಿತ. ಒಂದು ಮಿಡಿತ ಅರ್ಧ ಮಿಲಿಮೀಟರ್ ಮಳೆಗೆ ಸಮ ಎಂದುಕೊಳ್ಳೋಣ. ಒಬ್ಬ ತಯಾರಕನ ಮಾಪಕ 40 ಎಂದು ಕಳಿಸಿತು. ಅದು ಮಿಡಿತಗಳ ಲೆಕ್ಕ. ಇನ್ನೊಬ್ಬನದು 20 ಎಂದಿತು, ಅದು ಮಿಲಿಮೀಟರ್. ಮೂರನೆಯದು 79 ಎಂದಿತು. ಅದು ಅಂಗುಲದ ನೂರನೇ ಭಾಗಗಳಲ್ಲಿ. ಮೂರೂ ಒಂದೇ ಮಳೆ! ಮಾನವನ್ನು, ವೇಳೆಯನ್ನು, ಮಾಪಕದ ಗುರುತನ್ನು ಸಂದೇಶಕ್ಕೆ ಕಟ್ಟಿ ಒಂದೇ ರೂಪಕ್ಕೆ ತರುವುದು ಮಧ್ಯಸ್ಥ ತಂತ್ರಾಂಶದ ಹೊಣೆ.

ಸೊನ್ನೆ, ಮೌನ, ಸುಳ್ಳು ಸೊನ್ನೆ

ಈ ಹೊಣೆ ಎಷ್ಟು ಭಾರದ್ದು ಎಂಬುದು ಬೆಳೆ ವಿಮೆಯಿಂದ ತಿಳಿಯುತ್ತದೆ. ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮೆ ಯೋಜನೆಯ ಪ್ರಯೋಗ 2007ರ ಮುಂಗಾರಿನಲ್ಲಿ ಕರ್ನಾಟಕದಿಂದಲೇ ಆರಂಭವಾಯಿತು. 2016ರಿಂದ ಅದು ಪುನರ್‌ರಚಿತ ರೂಪದಲ್ಲಿ ನಡೆಯುತ್ತಿದೆ. ಈ ವಿಮೆಯಲ್ಲಿ ಬೆಳೆಯ ನಷ್ಟವನ್ನು ತೋಟಕ್ಕೆ ಹೋಗಿ ಅಳೆಯುವುದಿಲ್ಲ. ಮಳೆ, ತೇವಾಂಶ ಮುಂತಾದವು ಗೊತ್ತುಪಡಿಸಿದ ಮಿತಿಯನ್ನು ಮೀರಿದವೇ ಎಂಬುದನ್ನು ಮಾಪಕದ ಅಂಕಿಗಳಿಂದ ನಿರ್ಧರಿಸಲಾಗುತ್ತದೆ. ಮಳೆ ಬಿಡದೆ ಹೊಯ್ದು ಅಡಿಕೆಗೆ ಕೊಳೆರೋಗ ಬಂದ ವರ್ಷ ರೈತನ ಕೈಗೆ ಪರಿಹಾರ ಬರುವುದೂ ಬಾರದಿರುವುದೂ ಆ ಅಂಕಿಗಳ ಮೇಲೆ ನಿಂತಿರುತ್ತದೆ.

ಆಷಾಢದ ಒಂದು ದಿನ ಪಂಚಾಯಿತಿಯ ಮಾಪಕದ ಎದುರು ಮಳೆ ಸೊನ್ನೆ ಎಂದು ಕಾಣುತ್ತದೆ ಎನ್ನಿ. ಇದಕ್ಕೆ ಮೂರು ಅರ್ಥಗಳಿರಬಹುದು. ನಿಜವಾಗಿಯೂ ಮಳೆ ಬಂದಿಲ್ಲ. ಅಥವಾ ಬ್ಯಾಟರಿ ಇಳಿದು, ಇಲ್ಲವೇ ಮೊಬೈಲ್ ಸಂಕೇತ ಸಿಗದೆ ಸಂದೇಶವೇ ಬಂದಿಲ್ಲ. ಖಾಲಿ ಜಾಗವನ್ನು ಯಾವುದೋ ತಂತ್ರಾಂಶ ಸೊನ್ನೆ ಎಂದು ತುಂಬಿದೆ. ಅಥವಾ ಮಾಪಕದ ಬಾಯಿಗೆ ಎಲೆ ಬಿದ್ದು ನೀರು ಒಳಗಿಳಿಯದೆ, ಮಾಪಕ ಹೊತ್ತಿಗೆ ಸರಿಯಾಗಿ ಸೊನ್ನೆ ಸೊನ್ನೆ ಎಂದು ಕಳಿಸುತ್ತಲೇ ಇದೆ. ಮೊದಲನೆಯದು ಸೊನ್ನೆ, ಎರಡನೆಯದು ಮೌನ, ಮೂರನೆಯದು ಸುಳ್ಳು ಸೊನ್ನೆ.

ಮೌನವನ್ನು ಗುರುತಿಸುವ ಉಪಾಯ ಎಂಕ್ಯೂಟಿಟಿಯಲ್ಲಿ ಮೊದಲಿನಿಂದ ಬಂದದ್ದು. ಉಪಕರಣ ಬ್ರೋಕರಿನೊಡನೆ ಸಂಪರ್ಕ ಮಾಡುವಾಗಲೇ ಒಂದು ಉಯಿಲನ್ನು ಒಪ್ಪಿಸಬಹುದು: ನಾನು ಹೇಳದೆ ಕೇಳದೆ ಮರೆಯಾದರೆ ಈ ಸಂದೇಶವನ್ನು ಚಂದಾದಾರರಿಗೆ ಹಂಚು ಎಂದು. ಸುಮ್ಮನಿರಬಹುದಾದ ಗರಿಷ್ಠ ಅವಧಿಯನ್ನೂ ಆಗಲೇ ಒಪ್ಪಿಕೊಂಡಿರುತ್ತಾರೆ. ಆ ಅವಧಿಯ ಒಂದೂವರೆ ಪಟ್ಟು ಹೊತ್ತು ಏನೂ ಕೇಳಿಸದಿದ್ದರೆ ಬ್ರೋಕರ್ ಸಂಪರ್ಕ ಕಡಿದು ಉಯಿಲನ್ನು ಪ್ರಕಟಿಸುತ್ತದೆ. ಹೀಗೆ ಮೌನವೂ ಒಂದು ಸುದ್ದಿಯಾಗುತ್ತದೆ. ಆದರೆ ಆ ಸುದ್ದಿಯನ್ನು ಕೇಳಲು ಆ್ಯಪ್ ಸಿದ್ಧವಿರಬೇಕು. ದತ್ತಾಂಶದ ಕೋಷ್ಟಕದಲ್ಲಿ ಸೊನ್ನೆಗೂ ಖಾಲಿಗೂ ಬೇರೆ ಗುರುತು ಇಡದಿದ್ದರೆ ಬ್ರೋಕರ್ ಎಷ್ಟು ಕೂಗಿದರೂ ವ್ಯರ್ಥ.

ಸುಳ್ಳು ಸೊನ್ನೆಗೆ ಉಯಿಲು ಸಾಲದು, ಮಾಪಕ ಸತ್ತಿಲ್ಲವಲ್ಲ! ಇಲ್ಲಿ ನೆರೆಯ ಮಾಪಕಗಳೊಡನೆ ಹೋಲಿಸಿ ನೋಡಬೇಕು. ಸುತ್ತಲಿನ ನಾಲ್ಕು ಪಂಚಾಯಿತಿಗಳಲ್ಲಿ ಮಳೆ ಸುರಿದಿದ್ದು ನಡುವೆ ಒಂದರಲ್ಲಿ ಮಾತ್ರ ದಿನಗಟ್ಟಲೆ ಸೊನ್ನೆಯಿದ್ದರೆ ಸಂಶಯ ಪಡಬೇಕು. ಆದರೆ ಮಲೆನಾಡಿನ ಮಳೆ ನಿಜವಾಗಿಯೂ ಊರಿಂದೂರಿಗೆ ಬದಲಾಗುವುದರಿಂದ, ಯಂತ್ರ ತಾನೇ ಅಂಕಿಯನ್ನು ತಿದ್ದಿಬಿಟ್ಟರೆ ನಿಜದ ಸೊನ್ನೆಯೂ ಅಳಿದುಹೋದೀತು. ಆದ್ದರಿಂದ ಮೂಲ ಅಂಕಿಯನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಸಂಶಯದ ಗುರುತು ಹಾಕಿ, ಮನುಷ್ಯನೊಬ್ಬ ಹೋಗಿ ನೋಡುವಂತೆ ಮಾಡುವುದೇ ಸರಿಯಾದ ಕ್ರಮ. ನೀರಗಂಟಿಯ ನಾಲ್ಕನೆಯ ಕೆಲಸ ಇದೇ ಆಗಿತ್ತು.

ಆಜ್ಞೆಯನ್ನು ಹೊರುವಾಗ

ಸುದ್ದಿ ತರುವುದಕ್ಕಿಂತ ಆಜ್ಞೆ ಒಯ್ಯುವುದು ಸೂಕ್ಷ್ಮ. ಕೃಷ್ಣಾ ಕೊಳ್ಳದ ನಾರಾಯಣಪುರ ಎಡದಂಡೆ ನಾಲೆಯ ಆಧುನೀಕರಣದಲ್ಲಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆ ಅಳವಡಿಸಲಾಯಿತು. ಈ ಯೋಜನೆಯ ಉದ್ಘಾಟನೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ನಡೆಯಿತು. ಇಂಥ ಯಾವುದೇ ವ್ಯವಸ್ಥೆಯಲ್ಲಿ ಏಳುವ ಪ್ರಶ್ನೆಯೊಂದನ್ನು ನೋಡೋಣ. ಗೇಟನ್ನು 5 ಸೆಂಟಿಮೀಟರ್ ಎತ್ತು ಎಂಬ ಆಜ್ಞೆ ಹೋಯಿತು. ಮುಟ್ಟಿತೆಂಬ ಉತ್ತರ ಬರಲಿಲ್ಲ. ಮತ್ತೆ ಕಳಿಸಬೇಕೇ? ಮೊದಲಿನದೂ ಮುಟ್ಟಿದ್ದರೆ ಗೇಟು 10 ಸೆಂಟಿಮೀಟರ್ ಎದ್ದಿರುತ್ತದೆ. ಎಂಕ್ಯೂಟಿಟಿಯಲ್ಲಿ ಇದಕ್ಕಾಗಿ ಮೂರು ದರ್ಜೆಗಳಿವೆ: ಹೆಚ್ಚೆಂದರೆ ಒಮ್ಮೆ, ಕನಿಷ್ಠ ಒಮ್ಮೆ, ಸರಿಯಾಗಿ ಒಮ್ಮೆ. ಇನ್ನೂ ಸರಳ ಉಪಾಯವೆಂದರೆ ಆಜ್ಞೆಯ ಮಾತನ್ನೇ ಬದಲಿಸುವುದು. ಗೇಟನ್ನು 5 ಸೆಂಟಿಮೀಟರ್ ತೆರೆದ ಸ್ಥಿತಿಯಲ್ಲಿಡು ಎಂದರೆ ಹತ್ತು ಸಲ ಮುಟ್ಟಿದರೂ ಫಲ ಒಂದೇ.

ನಡುವಿನ ಜಾಗ ಯಾರದು?

ಕೊನೆಯ ಪ್ರಶ್ನೆ ತಂತ್ರದ್ದಷ್ಟೇ ಅಲ್ಲ. ಮಧ್ಯಸ್ಥ ತಂತ್ರಾಂಶ ಒಂದೇ ಕಂಪನಿಯ ಕೈಯಲ್ಲಿದ್ದರೆ ಎರಡೂ ತುದಿಗಳು ಅದಕ್ಕೆ ಅಧೀನ. ಗೂಗಲ್ ತನ್ನ ಐಓಟಿ ಕೋರ್ ಎಂಬ ಸೇವೆಯನ್ನು 2023ರ ಆಗಸ್ಟ್ 16ರಂದು ನಿಲ್ಲಿಸಿತು. ಒಂದು ವರ್ಷ ಮೊದಲೇ ತಿಳಿಸಿದ್ದರೂ, ಅದನ್ನು ನಂಬಿ ಉಪಕರಣಗಳನ್ನು ಜೋಡಿಸಿದ್ದವರೆಲ್ಲ ಬೇರೆ ಮಧ್ಯಸ್ಥನನ್ನು ಹುಡುಕಬೇಕಾಯಿತು. ಮುಕ್ತ ಮಾನಕಕ್ಕೆ ಹೊಂದಿಸಿದ್ದವರಿಗೆ ಈ ಕೆಲಸ ಹಗುರ. ಆ ಸೇವೆಗೆಂದೇ ಬರೆದ ತಂತ್ರಾಂಶವಿದ್ದವರಿಗೆ ಭಾರ.

ಈ ಅಪಾಯವನ್ನು ಕಂಡೇ 2012ರಲ್ಲಿ ಏಳು ಮಾನಕ ಸಂಸ್ಥೆಗಳು ಸೇರಿ ಒನ್‌ಎಂಟುಎಂ ಎಂಬ ಒಕ್ಕೂಟ ಕಟ್ಟಿದವು. ಯಾರ ಉಪಕರಣವಾದರೂ ಯಾರ ಆ್ಯಪ್‌ನೊಡನೆಯಾದರೂ ಮಾತನಾಡಲು ಬೇಕಾದ ಸಾಮಾನ್ಯ ಸೇವೆಗಳ ಪದರವನ್ನು ಅದು ವಿವರಿಸುತ್ತದೆ. ಭಾರತವೂ ಇದನ್ನು ರಾಷ್ಟ್ರೀಯ ಮಾನಕವಾಗಿ ಸ್ವೀಕರಿಸಿತು. ಕಿತ್ತೂರಿಗೆ ವಿನಿಮಯ ಕೇಂದ್ರ ಕೊಟ್ಟ ಸಿ-ಡಾಟ್ ಸಂಸ್ಥೆಯೇ ಈ ಮಾನಕದ ವೇದಿಕೆಯೊಂದನ್ನು ಸಿದ್ಧಪಡಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರದೊಡನೆ ಸೇರಿ ನಗರಗಳ ದತ್ತಾಂಶ ವಿನಿಮಯ ವೇದಿಕೆಯನ್ನು ರೂಪಿಸಿತು. 2021ರಲ್ಲಿ ಅದು ಅಧಿಕೃತವಾಗಿ ಬಿಡುಗಡೆಯಾಯಿತು. ಇಂಥ ವಿನಿಮಯದ ವಿನ್ಯಾಸಕ್ಕಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ 18003 ಎಂಬ ಮಾನಕವನ್ನು ಪ್ರಕಟಿಸಿದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಗಣಕವಿಲ್ಲದೆಯೂ ಇದನ್ನು ತೋರಿಸಬಹುದು. ಆರು ವಿದ್ಯಾರ್ಥಿಗಳು ಮಾಪಕಗಳು, ನಾಲ್ವರು ಚಂದಾದಾರರು, ಒಬ್ಬರು ಬ್ರೋಕರ್. ಮಾಪಕಗಳು ಎರಡು ನಿಮಿಷಕ್ಕೊಮ್ಮೆ ಊರಿನ ಹೆಸರು, ವೇಳೆ, ಮಳೆಯ ಅಂಕಿ ಬರೆದ ಚೀಟಿ ಕೊಡಬೇಕು. ಬ್ರೋಕರ್ ಅದನ್ನು ಬೇಕಾದವರಿಗೆ ನಕಲು ಮಾಡಿ ಹಂಚಬೇಕು. ಒಂದು ಮಾಪಕಕ್ಕೆ ಗುಟ್ಟಾಗಿ ಸುಮ್ಮನಿರಲು ಹೇಳಿ; ಇನ್ನೊಂದಕ್ಕೆ ಯಾವಾಗಲೂ ಸೊನ್ನೆ ಬರೆಯಲು ಹೇಳಿ. ಕೊನೆಯಲ್ಲಿ ಚಂದಾದಾರರು ಸೊನ್ನೆ, ಮೌನ, ಸುಳ್ಳು ಸೊನ್ನೆಗಳನ್ನು ಬೇರ್ಪಡಿಸಬಲ್ಲರೇ ಎಂದು ಪರೀಕ್ಷಿಸಿ. ಮೌನವನ್ನು ಬ್ರೋಕರ್ ಹಿಡಿಯಬಹುದು. ಸುಳ್ಳು ಸೊನ್ನೆಯನ್ನು ಹಿಡಿಯಲು ಯಾರಾದರೂ ಎದ್ದು ಆ ಮಾಪಕದ ಬಳಿಗೆ ಹೋಗಲೇಬೇಕು.

ಅಂಜನಾಪುರದ ತೂಬಿನ ಬಳಿ ನಾಳೆ ಎಂಥ ಸಂವೇದಕ ಬಂದರೂ ಈ ಮಾತು ಬದಲಾಗದು. ಸುದ್ದಿ ಹೊರುವವರು ಬದಲಾಗಬಹುದು, ಭಾಷೆ ಅಂಕಿಗಳಾಗಬಹುದು. ಸುದ್ದಿ ಬಾರದಿದ್ದಾಗ ಎದ್ದು ಹೋಗಿ ನೋಡುವ ಹೊಣೆಯನ್ನು ಮಾತ್ರ ಯಾರಾದರೂ ಹೊತ್ತಿರಬೇಕು. ಅದನ್ನು ಯಾರು ಹೊರುತ್ತಾರೆ ಎಂಬುದನ್ನು ವಿನ್ಯಾಸದ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು.